ವಸ್ತಾದನ ಪಾಲು ಎಷ್ಟು?

ಬಸವನಬಾಗೇವಾಡಿಯ ಬಸವೇಶ್ವರ ಜಾತ್ರೆಯಲ್ಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳ ಜಾತ್ರೆಯಲ್ಲಾಗಲಿ ಜಂಗಿ ನಿಕಾಲಿ ಕುಸ್ತಿ ನಡೆಯುವಾಗ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಪೈಲ್ವಾನರಿಬ್ಬರು ಮಣ್ಣಿನಲ್ಲಿ ಸೆಣಸುತ್ತಿರುತ್ತಾರೆ. ಸುತ್ತ ನೆರೆದವರು ಹಲಗೆಯ ಸದ್ದನ್ನೂ ಮೀರಿಸಿ ಕೂಗುತ್ತಿರುತ್ತಾರೆ. ಕಣದ ಅಂಚಿನಲ್ಲಿ ರುಮಾಲು ಸುತ್ತಿದ ಹಿರಿಯನೊಬ್ಬ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾನೆ. ಅವನು ಕೂಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಕೈಯನ್ನು ಹೀಗೆ ತಿರುವಿ ತೋರಿಸುತ್ತಾನೆ, ಅಷ್ಟೇ. ಗೆದ್ದ ಹುಡುಗ ಬೆಳ್ಳಿ ಕಡಗಕ್ಕೆ ಕೈಚಾಚುವ ಮೊದಲು ಬಂದು ಮುಟ್ಟುವುದು ಅವನ ಕಾಲನ್ನು. ಆತ ವಸ್ತಾದ.

ಗರಡಿಮನೆಯ ವಸ್ತಾದ ಬರೀ ಪಟ್ಟು ಕಲಿಸುವವನಲ್ಲ. ಹುಡುಗನ ಖುರಾಕು ಎಷ್ಟು, ನಿದ್ದೆ ಎಷ್ಟು, ಯಾವ ಜಾತ್ರೆಗೆ ಇಳಿಸಬೇಕು, ಯಾವ ಜೋಡಿಯ ಮೇಲೆ ಬಿಡಬೇಕು, ಯಾವುದಕ್ಕೆ ‘ಈ ವರ್ಷ ಬ್ಯಾಡ’ ಎನ್ನಬೇಕು ಎಂಬುದೆಲ್ಲ ಅವನ ತೀರ್ಮಾನ. ಒಂಟಿ ಆಟದಲ್ಲಿ ಇದು ಸುಲಭವಾಗಿ ಅರ್ಥವಾಗುತ್ತದೆ. ಹನ್ನೊಂದು ಜನ ಆಡುವ ಆಟದಲ್ಲಿ ವಸ್ತಾದನ ಪಾಲು ಎಷ್ಟು? ಸೋತು ಸೋತು ಬೇಸತ್ತ ತಂಡವೊಂದು ಇದ್ದಕ್ಕಿದ್ದಂತೆ ದೇಶಕ್ಕೇ ಮೊದಲಿಗನಾದರೆ ಅದರ ಕೀರ್ತಿ ಆಡಿದವರಿಗೋ, ಅಂಚಿನಲ್ಲಿ ಕುಳಿತವರಿಗೋ? ನಮ್ಮ ರಾಜ್ಯದ ಕ್ರಿಕೆಟ್ ತಂಡ ದಶಕದ ಹಿಂದೆ ಈ ಪ್ರಶ್ನೆಯನ್ನು ಎತ್ತಿತ್ತು. ಅದಕ್ಕೆ ಉತ್ತರ ಹುಡುಕುವ ಮೊದಲು ‘ಕೋಚ್’ ಎಂಬ ಪದದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಹಂಗೆರಿ ದೇಶದಲ್ಲಿ ಕೋಚ್ ಎಂಬ ಒಂದು ಹಳ್ಳಿ ಇದೆ. ಸುಮಾರು ಐದು ಶತಮಾನಗಳ ಹಿಂದೆ ಅಲ್ಲಿನ ಬಡಗಿಗಳು ಮಾಡುತ್ತಿದ್ದ ಕುದುರೆ ಗಾಡಿ ಯುರೋಪಿನಲ್ಲೆಲ್ಲ ಹೆಸರಾಯಿತು. ಊರಿನ ಹೆಸರೇ ಗಾಡಿಯ ಹೆಸರಾಯಿತು. 1830ರ ಸುಮಾರಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರು ಖಾಸಗಿ ಪಾಠ ಹೇಳುವ ಮೇಷ್ಟ್ರನ್ನು ತಮಾಷೆಗೆ ‘ಕೋಚ್’ ಎನ್ನತೊಡಗಿದರು. ಪರೀಕ್ಷೆ ಎಂಬ ದಾರಿಯನ್ನು ದಾಟಿಸುವ ಗಾಡಿ ಎಂಬ ಅರ್ಥದಲ್ಲಿ. 1860ರ ದಶಕದಲ್ಲಿ ಅದೇ ಪದ ಆಟ ಕಲಿಸುವವನಿಗೂ ಅಂಟಿಕೊಂಡಿತು. ಸೈನಿಕ ಶಾಲೆ, ನವೋದಯ ಪರೀಕ್ಷೆಗಳಿಗೆ ಮಕ್ಕಳನ್ನು ಸಜ್ಜುಗೊಳಿಸುವ ಕೋಚಿಂಗ್ ಕ್ಲಾಸುಗಳ ಫಲಕ ವಿಜಯಪುರದಲ್ಲಿ ಎಲ್ಲಿ ನೋಡಿದರಲ್ಲಿ ಕಾಣುತ್ತದೆ. ಪದದ ಮೂಲ ಅರ್ಥವನ್ನು ಇನ್ನೂ ಉಳಿಸಿಕೊಂಡಿರುವವರು ನಾವೇ ಎನ್ನಬೇಕು.

ಅಂದರೆ ಕೋಚ್ ಹುಟ್ಟಿದ್ದು ಕಾಲೇಜಿನಲ್ಲಿ. ಆ ಪರಂಪರೆಯನ್ನು ತುದಿ ಮುಟ್ಟಿಸಿದವರು ಅಮೆರಿಕದವರು. ಅಲ್ಲಿ ಕಾಲೇಜುಗಳ ನಡುವೆ ಗಾಲ್ಫ್‌ನಲ್ಲೂ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ. ಅದು ಶುರುವಾದದ್ದು 1897ರಲ್ಲಿ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಗಾಲ್ಫ್ ತಂಡವನ್ನು 1950ರ ದಶಕದ ಆರಂಭದಲ್ಲಿ ವಹಿಸಿಕೊಂಡ ಡೇವ್ ವಿಲಿಯಮ್ಸ್ ವೃತ್ತಿಯಿಂದ ಎಂಜಿನಿಯರಿಂಗ್ ವಿಭಾಗದ ಅಧ್ಯಾಪಕರು. ಸ್ವತಃ ದೊಡ್ಡ ಗಾಲ್ಫ್ ಆಟಗಾರರೇನಲ್ಲ. ಅವರ ಗರಡಿಯ ಪುರುಷರ ತಂಡ 1956ರಿಂದ 1985ರವರೆಗೆ 16 ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಗಾಲ್ಫ್ ಒಂಟಿ ಆಟವಾದರೂ ಕಾಲೇಜು ಗಾಲ್ಫಿನಲ್ಲಿ ಐವರು ಆಡಿ, ಅವರಲ್ಲಿ ಉತ್ತಮ ನಾಲ್ವರ ಲೆಕ್ಕವನ್ನು ಹಿಡಿಯುವ ಪದ್ಧತಿ ಇದೆ. ಆ ಐವರು ಯಾರು ಎಂದು ನಿರ್ಧರಿಸುವುದೇ ಕೋಚ್‌ನ ಮುಖ್ಯ ಕೆಲಸ. ಆಟವನ್ನು ತಾನು ಆಡಿ ತೋರಿಸಬೇಕಾಗಿಲ್ಲ, ಆಡುವವರನ್ನು ಗುರುತಿಸಿ ಅವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಸಾಕು ಎಂಬುದಕ್ಕೆ ಹ್ಯೂಸ್ಟನ್ನಿನ ಮೇಷ್ಟ್ರು ಒಳ್ಳೆಯ ಸಾಕ್ಷಿ.

ನಮ್ಮ ಕ್ರಿಕೆಟ್‌ಗೆ ಈ ವಿಚಾರ ತಡವಾಗಿ ಬಂತು. ಕ್ರಿಕೆಟ್‌ನಲ್ಲಿ ಬಹುಕಾಲ ನಾಯಕನೇ ರಾಜ, ನಾಯಕನೇ ಮಂತ್ರಿ. ತಂಡದ ಜತೆ ಒಬ್ಬ ಮ್ಯಾನೇಜರ್ ಇರುತ್ತಿದ್ದರು. ಅವರ ಕೆಲಸ ರೈಲು ಟಿಕೆಟ್ಟು, ಊಟ, ಹೋಟೆಲು. ಭಾರತ ತಂಡಕ್ಕೇ 1990ರಲ್ಲಿ ಬಿಷನ್ ಸಿಂಗ್ ಬೇಡಿ, ಆಮೇಲೆ ಅಜಿತ್ ವಾಡೇಕರ್ ಬಂದಾಗಲೂ ಹುದ್ದೆಯ ಹೆಸರು ‘ಕ್ರಿಕೆಟ್ ಮ್ಯಾನೇಜರ್’ ಎಂದೇ ಇತ್ತು.

ನಮ್ಮ ರಾಜ್ಯ ತಂಡದ ಕಥೆ ಆರಂಭವಾಗುವುದೇ ಸೋಲಿನಿಂದ. ರಣಜಿ ಟ್ರೋಫಿಯ ಚರಿತ್ರೆಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ನಡೆಯಿತು. ಆಡಿದವರು ಮೈಸೂರು ಮತ್ತು ಮದ್ರಾಸ್. ಮೈಸೂರು ಮೊದಲ ಇನಿಂಗ್ಸ್‌ನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸಿನ ಎ.ಜಿ. ರಾಮ್‌ಸಿಂಗ್ 35 ರನ್ ಕೊಟ್ಟು 11 ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ಗೆದ್ದರೂ ಸೋತರೂ ಇಂಡಿ, ಸಿಂದಗಿಯವರಿಗೆ ಅದು ಪರರಾಜ್ಯದ ಸುದ್ದಿ. ಅದು ನಮ್ಮ ತಂಡವಾದದ್ದು 1956ರ ಏಕೀಕರಣದ ನಂತರ.

ಮುಂಬಯಿ ತಂಡ 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಗೆದ್ದಿತು. ಆ ಕೋಟೆಯನ್ನು ಒಡೆದವರು ನಮ್ಮವರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಮೊದಲ ಇನಿಂಗ್ಸ್ ಮುನ್ನಡೆಯಿಂದ ಹೊರಗಟ್ಟಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಫೈನಲ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಕಪ್ ತಂದರು. ಆ ತಂಡದ ಕಥೆಯನ್ನು ಹೇಳುವವರು ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರ ಹೆಸರು ಹೇಳುತ್ತಾರೆ. ತರಬೇತುದಾರ ಎಂಬ ಪಾತ್ರ ಆ ಕಥೆಯಲ್ಲಿ ಬರುವುದೇ ಇಲ್ಲ.

ಮುಂದೆ 1977-78, 1982-83. ಆಮೇಲೆ ದೀರ್ಘ ಬಿಡುವು. ಮತ್ತೆ 1995-96, 1997-98, 1998-99. ತೊಂಬತ್ತರ ದಶಕದ ಆ ತಂಡವನ್ನು ವಿವರಿಸುವ ಅಗತ್ಯವೇ ಇಲ್ಲ. ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ. ಒಂದು ಕಾಲಕ್ಕೆ ಭಾರತ ತಂಡದ ಅರ್ಧದಷ್ಟು ಜನ ಕರ್ನಾಟಕದವರೇ ಆಗಿದ್ದರು. ಅವರೆಲ್ಲ ದೇಶದ ಪರ ಆಡಲು ಹೋದಾಗ ಉಳಿದವರೂ ಗೆಲ್ಲಬಲ್ಲವರಾಗಿದ್ದರು. ಅಂಥ ಉಳಿದವರಲ್ಲಿ ಒಬ್ಬರು ಆರಂಭಿಕ ದಾಂಡಿಗ ಜೆ. ಅರುಣ್‌ಕುಮಾರ್. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ನೂರಕ್ಕೂ ಹೆಚ್ಚು ಪಂದ್ಯ, 7,000ಕ್ಕೂ ಮಿಕ್ಕಿ ರನ್. ಭಾರತದ ಟೋಪಿ ಮಾತ್ರ ಸಿಗಲಿಲ್ಲ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

1999ರ ನಂತರ ಕಪ್ ಕೈಕೊಟ್ಟಿತು. ಹುಡುಗರಲ್ಲಿ ಪ್ರತಿಭೆ ಇರಲಿಲ್ಲವೆಂದೇನಲ್ಲ. 2010ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯ ಮೈದಾನದಲ್ಲಿ ನಡೆದ ಫೈನಲ್ ಇದಕ್ಕೆ ನಿದರ್ಶನ. ಮರಗಳ ಕೊಂಬೆಗಳ ಮೇಲೂ ಜನ. ಎದುರಾಳಿ ಅದೇ ಮುಂಬಯಿ. ಗೆಲ್ಲಲು 338 ರನ್ ಬೇಕಿತ್ತು. ಮನೀಷ್ ಪಾಂಡೆ 144 ಬಾರಿಸಿದರು. ಗಣೇಶ್ ಸತೀಶ್ ಜತೆಗೆ ನಿಂತರು. ಕೊನೆಗೆ ತಂಡ 331ಕ್ಕೆ ಆಲೌಟ್. ಆರು ರನ್ನುಗಳ ಸೋಲು! ಅದರ ಮರುವರ್ಷ ಸೆಮಿಫೈನಲ್‌ನಲ್ಲಿ ಮುಗ್ಗರಿಕೆ. ಅದರಾಚೆಯ ಎರಡು ವರ್ಷ ಕ್ವಾರ್ಟರ್ ಫೈನಲ್‌ನಲ್ಲೇ ನಿರ್ಗಮನ. ಲೀಗ್ ಹಂತದಲ್ಲಿ ಹುಲಿ, ನಾಕೌಟ್‌ನಲ್ಲಿ ಇಲಿ ಎಂದು ಜನ ಆಡಿಕೊಂಡರು.

ಈ ನಡುವೆ 2010ರ ನವೆಂಬರ್‌ನಲ್ಲಿ ಅನಿಲ್ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಅವರ ಅವಧಿ ಮೂರು ವರ್ಷ. ಬೆಂಗಳೂರಿನ ಹೊರಗೆ ಮೈದಾನಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ವೇಗ ಬಂತು. ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ ರಣಜಿ ಪಂದ್ಯಗಳು ಬಂದದ್ದೂ ಆ ಕಾಲದಲ್ಲೇ. ಉತ್ತರ ಕರ್ನಾಟಕದ ಹುಡುಗನೊಬ್ಬ ಬಸ್ಸು ಹತ್ತಿ ಹೋಗಿ ರಾಜ್ಯ ತಂಡವನ್ನು ಕಣ್ಣಾರೆ ನೋಡುವುದು ಸಾಧ್ಯವಾಯಿತು. ಇದೊಂದು ಸಣ್ಣ ಸಂಗತಿಯಲ್ಲ.

2013-14ರ ಋತುವಿಗೆ ಮುಖ್ಯ ತರಬೇತುದಾರರಾಗಿದ್ದವರು ಅರುಣ್‌ಕುಮಾರ್. ಬೌಲಿಂಗ್ ನೋಡಿಕೊಳ್ಳಲು ಹಳೆಯ ವೇಗಿ ಮನ್ಸೂರ್ ಅಲಿ ಖಾನ್. ನಾಯಕ ದಾವಣಗೆರೆಯ ವಿನಯ್ ಕುಮಾರ್. ಇಲ್ಲಿಂದ ಮುಂದಿನ ಎರಡು ಋತುಗಳಲ್ಲಿ ಈ ತಂಡ ಮಾಡಿದ್ದನ್ನು ಅದಕ್ಕೆ ಮೊದಲು ಯಾವ ರಾಜ್ಯವೂ ಮಾಡಿರಲಿಲ್ಲ. ರಣಜಿ ಟ್ರೋಫಿ, ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಮೂರನ್ನೂ ಒಂದೇ ಋತುವಿನಲ್ಲಿ ಗೆದ್ದರು. ಮರುವರ್ಷ ಮತ್ತೆ ಮೂರನ್ನೂ ಗೆದ್ದರು.

ಹೇಗೆ ಗೆದ್ದರು ಎಂಬುದನ್ನು ತಿಳಿಯಲು ರಣಜಿಯ ಅಂಕಗಳ ಲೆಕ್ಕ ಗೊತ್ತಿರಬೇಕು. ಪಂದ್ಯವನ್ನು ಪೂರ್ತಿ ಗೆದ್ದರೆ ಆರು ಅಂಕ. ಇನಿಂಗ್ಸ್ ಅಥವಾ ಹತ್ತು ವಿಕೆಟ್‌ಗಳಿಂದ ಗೆದ್ದರೆ ಇನ್ನೊಂದು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರಿಗೆ ಮೂರು, ಇನ್ನೊಬ್ಬರಿಗೆ ಒಂದು. ನಾಲ್ಕು ದಿನದ ಪಂದ್ಯದಲ್ಲಿ ಜಾಣರ ಆಟವೆಂದರೆ ದೊಡ್ಡ ಮೊತ್ತ ಪೇರಿಸಿ, ಮುನ್ನಡೆ ಪಡೆದು, ಮೂರು ಅಂಕ ಕಟ್ಟಿಕೊಂಡು ಮನೆಗೆ ಹೋಗುವುದು. ಹಲವು ತಂಡಗಳು ಹೀಗೇ ಬದುಕಿದವು. ಗೆಲ್ಲಬೇಕೆಂದರೆ ಇಪ್ಪತ್ತು ವಿಕೆಟ್ ಕೀಳಬೇಕು, ಅದಕ್ಕೆ ಸಮಯ ಬೇಕು, ಸಮಯ ಬೇಕೆಂದರೆ ಬೇಗ ರನ್ ಮಾಡಬೇಕು. ವಿನಯ್, ಅಭಿಮನ್ಯು ಮಿಥುನ್, ಎಸ್. ಅರವಿಂದ್, ಅವರ ಜತೆಗೆ ಎಚ್.ಎಸ್. ಶರತ್. ಹೀಗೆ ವೇಗಿಗಳ ಒಂದು ಗುಂಪನ್ನೇ ತಂಡ ಬೆನ್ನಿಗಿಟ್ಟುಕೊಂಡಿತು. ಮೇಲ್ಗಡೆ ಉತ್ತಪ್ಪ, ರಾಹುಲ್, ಮನೀಷ್ ಪಾಂಡೆ ಬೇಗ ರನ್ ಎತ್ತುವವರು. ಕೆಳಗಡೆ ಸಿ.ಎಂ. ಗೌತಮ್, ಸ್ಟುವರ್ಟ್ ಬಿನ್ನಿ, ಶ್ರೇಯಸ್ ಗೋಪಾಲ್. ಅವರಾಚೆ ಬೌಲರ್‌ಗಳೂ ಬ್ಯಾಟು ಹಿಡಿದರೆ ಸುಮ್ಮನೆ ಔಟಾಗಿ ಬರುವವರಲ್ಲ.

2014ರ ಜನವರಿ ಕೊನೆಗೆ ಹೈದರಾಬಾದಿನಲ್ಲಿ ಫೈನಲ್. ಎದುರಾಳಿ ಮಹಾರಾಷ್ಟ್ರ, 305. ಕರ್ನಾಟಕ 515. ಕೆ.ಎಲ್. ರಾಹುಲ್ 131, ಗಣೇಶ್ ಸತೀಶ್ 117. ಕೊನೆಗೆ ಏಳು ವಿಕೆಟ್‌ಗಳ ಜಯ. ಹದಿನೈದು ವರ್ಷಗಳ ಮೇಲೆ ಕಪ್ ಬಂತು. ರಾಹುಲ್ ಆ ಋತುವಿನ ರಣಜಿಯಲ್ಲಿ ಗಳಿಸಿದ್ದು 1,033 ರನ್.

ಆದರೆ ತರಬೇತುದಾರನ ಪಾಲು ಎಷ್ಟು ಎಂದು ಕೇಳುವವರು ಮೊದಲ ಕಪ್‌ಗಿಂತ ಎರಡನೆಯ ಕಪ್‌ನ ಫೈನಲ್ ನೋಡಬೇಕು. 2015ರ ಮಾರ್ಚ್, ಮುಂಬಯಿಯ ವಾಂಖೆಡೆ. ಅದಕ್ಕೆ ಮೊದಲು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿ ತಂಡವನ್ನು ಕೇವಲ 44 ರನ್ನಿಗೆ ಉರುಳಿಸಿ ಬಂದಿದ್ದರು. ವಿನಯ್ 20 ರನ್ನಿಗೆ ಆರು ವಿಕೆಟ್. ಫೈನಲ್‌ನಲ್ಲಿ ತಮಿಳುನಾಡನ್ನು 134ಕ್ಕೆ ಕಟ್ಟಿಹಾಕಿದರು. ಇನ್ನೇನು ಎನ್ನುವಷ್ಟರಲ್ಲಿ ಕರ್ನಾಟಕವೇ 84 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತು. ಆರಂಭಿಕ ರಾಹುಲ್ ನೋವಿನಿಂದ ಆಟ ಬಿಟ್ಟು ಹೊರಗೆ ಹೋಗಿದ್ದರು. ಅವರು ಮತ್ತೆ ಒಳಗೆ ಬಂದರು. ಇನ್ನೊಂದು ತುದಿಯಲ್ಲಿ ಕರುಣ್ ನಾಯರ್.

ಹಿಂದಿನ ಋತುವಿನಲ್ಲಿ ಶತಕದ ಮೇಲೆ ಶತಕ ಬಾರಿಸಿ ಬಂದಿದ್ದ ಈ ಹುಡುಗನ ಬ್ಯಾಟು ಆ ವರ್ಷ ಮಂಕಾಗಿತ್ತು. ಹೊರಗೆ ಅವಕಾಶಕ್ಕೆ ಕಾದವರಿಗೆ ಕೊರತೆಯೇನಿರಲಿಲ್ಲ. ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ತಂಡ ಅವರನ್ನು ಇಟ್ಟುಕೊಂಡಿತು. ರಾಹುಲ್ ಮತ್ತು ಕರುಣ್ ಆರನೇ ವಿಕೆಟ್‌ಗೆ 386 ರನ್ ಸೇರಿಸಿದರು. ರಾಹುಲ್ 188. ಕರುಣ್ 328. ರಣಜಿ ಫೈನಲ್‌ನಲ್ಲಿ ಅದಕ್ಕೆ ಮೊದಲಿನ ದಾಖಲೆ 1946-47ರಲ್ಲಿ ಗುಲ್ ಮಹಮ್ಮದ್ ಬಾರಿಸಿದ್ದ 319. ನಾಯಕ ವಿನಯ್ ಐದು ವಿಕೆಟ್ ಕಿತ್ತದ್ದಲ್ಲದೆ ಶತಕವನ್ನೂ ಹೊಡೆದರು. ಕರ್ನಾಟಕ 762, ಗೆಲುವು ಇನಿಂಗ್ಸ್ ಮತ್ತು 217 ರನ್. ಮರುವರ್ಷ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಇದೇ ಕರುಣ್ ಔಟಾಗದೆ 303 ಗಳಿಸಿದ್ದು ಎಲ್ಲರಿಗೂ ಗೊತ್ತಿದೆ. ವಾಂಖೆಡೆಯ ಪಂದ್ಯಕ್ಕೆ ಅವರನ್ನು ಕೈಬಿಟ್ಟಿದ್ದರೆ ಚೆನ್ನೈ ಆಗುತ್ತಿತ್ತೇ ಎಂಬ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಗರಡಿಯ ಭಾಷೆಯಲ್ಲಿ ಹೇಳುವುದಾದರೆ, ಎರಡು ಜಾತ್ರೆಯಲ್ಲಿ ಚಿತ್ ಆದ ಪೈಲ್ವಾನನನ್ನು ವಸ್ತಾದ ಮೂರನೆಯ ಜಾತ್ರೆಗೂ ಇಳಿಸಿದ. ಲೆಕ್ಕದ ಪುಸ್ತಕದಲ್ಲಿ ಇಂಥದ್ದಕ್ಕೆ ಅಂಕಣವಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಕೇಳಬೇಕು. ರಾಹುಲ್, ಕರುಣ್, ಪಾಂಡೆ, ಉತ್ತಪ್ಪ, ವಿನಯ್, ಮಿಥುನ್ ಎಲ್ಲರೂ ಒಂದೇ ತಂಡದಲ್ಲಿದ್ದರೆ ಯಾರು ಕೋಚ್ ಆದರೇನು, ಗೆಲ್ಲುತ್ತಿರಲಿಲ್ಲವೇ? ಈ ಮಾತಿಗೆ ಬಲ ತುಂಬುವ ಸಂಗತಿಯೂ ಇದೆ. 2015-16ರಲ್ಲಿ ಅದೇ ಅರುಣ್‌ಕುಮಾರ್, ಹೆಚ್ಚುಕಡಿಮೆ ಅದೇ ತಂಡ. ಗುಂಪಿನ ಹಂತವನ್ನೇ ದಾಟಲಿಲ್ಲ. ವಸ್ತಾದನ ಬಳಿ ಮಂತ್ರದಂಡವೇನೂ ಇರಲಿಲ್ಲ ಎಂದಾಯಿತು. ರಾಹುಲ್, ಪಾಂಡೆ, ಬಿನ್ನಿಯಂಥವರಿಗೆ ಭಾರತ ತಂಡದ ಕರೆ ಬರತೊಡಗಿತ್ತು ಎಂಬುದನ್ನೂ ಮರೆಯಬಾರದು. ತಂಡವನ್ನು ಚೆನ್ನಾಗಿ ಕಟ್ಟಿದವನಿಗೆ ಸಿಗುವ ಮೊದಲ ಬಹುಮಾನವೆಂದರೆ ತನ್ನ ಆಟಗಾರರನ್ನು ಕಳೆದುಕೊಳ್ಳುವುದು. ಅರುಣ್‌ಕುಮಾರ್ ಅವರ ಕಾಲವೂ ಬೇಗ ಮುಗಿಯಿತು. 2017-18ಕ್ಕೆ ಪಿ.ವಿ. ಶಶಿಕಾಂತ್ ಬಂದರು. ಅರುಣ್ ಬೇರೆ ತಂಡಗಳಿಗೆ ಕಲಿಸಿ, 2020ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ರಿಕೆಟ್ ತಂಡದ ಕೋಚ್ ಆದರು. ಕಾಲೇಜು ಕೋಚ್‌ಗಳ ನಾಡಿಗೆ ಬೆಂಗಳೂರಿನ ಕೋಚ್!

ಎದುರು ವಾದಕ್ಕೆ ಉತ್ತರ ಸಿಗುವುದು ಕರ್ನಾಟಕದ ಹೊರಗೆ, ಪ್ರತಿಭೆ ತುಂಬಿ ತುಳುಕದ ತಂಡಗಳಲ್ಲಿ. ಕರ್ನಾಟಕ ಗುಂಪಿನಲ್ಲೇ ಉಳಿದ 2015-16ರಲ್ಲಿ ಅದೇ ಗುಂಪಿನಿಂದ ಮೇಲೆದ್ದು ಸೆಮಿಫೈನಲ್ ತಲುಪಿದ ಒಂದು ತಂಡ ಅಸ್ಸಾಂ. ದೇಶದ ಕ್ರಿಕೆಟ್ ನಕ್ಷೆಯಲ್ಲಿ ಅದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಅದರ ಕೋಚ್ ಸನತ್ ಕುಮಾರ್. ಹಿಂದೆ ಕರ್ನಾಟಕ ತಂಡಕ್ಕೂ ಕಲಿಸಿದ್ದ, ನಮ್ಮ ರಾಜ್ಯದ ಹಳೆಯ ಬೌಲರ್. ನಮ್ಮವರೇ ಹೋಗಿ ಕಟ್ಟಿದ ತಂಡ ಮುಂದೆ ಹೋಯಿತು, ನಮ್ಮ ತಂಡ ಹಿಂದೆ ಉಳಿಯಿತು. ಆ ವರ್ಷ ಈ ಸಂಗತಿಗೆ ಇಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ ಎಂಬುದು ನನ್ನ ಭಾವನೆ.

ಇನ್ನೊಂದು ಉದಾಹರಣೆಯಂತೂ ಸಿನಿಮಾದ ಹಾಗಿದೆ. 1999ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕ ಮತ್ತು ಮಧ್ಯಪ್ರದೇಶ ನಡುವೆ ರಣಜಿ ಫೈನಲ್. ಮಧ್ಯಪ್ರದೇಶದ ನಾಯಕ ಚಂದ್ರಕಾಂತ ಪಂಡಿತ್. ಭಾರತದ ಪರ ಆಡಿದ್ದ ಮುಂಬಯಿಯ ವಿಕೆಟ್ ಕೀಪರ್. ಮೊದಲ ಇನಿಂಗ್ಸ್‌ನಲ್ಲಿ ಅವರಿಗೆ 75 ರನ್ನುಗಳ ಮುನ್ನಡೆ. ಕೊನೆಯ ದಿನ ಪಂದ್ಯ ಡ್ರಾ ಮಾಡಿಕೊಂಡಿದ್ದರೂ ಕಪ್ ಅವರದೇ. ಆದರೆ ವಿಜಯ್ ಭಾರದ್ವಾಜ್ ಅವರ ಸ್ಪಿನ್ನಿಗೆ ಸಾಲುಸಾಲಾಗಿ ಬಿದ್ದು 150ಕ್ಕೆ ಆಲೌಟಾದರು. ಕರ್ನಾಟಕಕ್ಕೆ 96 ರನ್ ಗೆಲುವು, ಆರನೆಯ ರಣಜಿ. ಗೆದ್ದವರು ಕುಣಿದದ್ದು ನಮ್ಮ ಪತ್ರಿಕೆಗಳಲ್ಲಿ ಬಂತು. ಸೋತ ನಾಯಕ ಏನು ಹೊತ್ತುಕೊಂಡು ಹೋದ ಎಂಬುದು ಆಗ ಯಾರಿಗೂ ಬೇಕಿರಲಿಲ್ಲ.

ಪಂಡಿತ್ ಮುಂದೆ ಕೋಚ್ ಆದರು. ಶಿಸ್ತಿಗೆ ಹೆಸರಾದ, ಹುಡುಗರು ಎದುರು ನಿಲ್ಲಲೂ ಹೆದರುವ ಕೋಚ್. ಮುಂಬಯಿಗೆ ಕಪ್ ಗೆಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದದ್ದು ವಿದರ್ಭದಲ್ಲಿ. 1957-58ರಿಂದ ರಣಜಿ ಆಡುತ್ತಿದ್ದ ಆ ತಂಡ ಅರವತ್ತು ವರ್ಷ ಫೈನಲ್ ಮುಖವನ್ನೇ ಕಂಡಿರಲಿಲ್ಲ. ಪಂಡಿತ್ ಹೋದ ವರ್ಷವೇ, 2017-18ರಲ್ಲಿ ಕಪ್ ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು. ಆ ಮೊದಲ ಕಪ್‌ನ ದಾರಿಯಲ್ಲಿ, ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭ ಸೋಲಿಸಿದ್ದು ಯಾರನ್ನು? ಕರ್ನಾಟಕವನ್ನು, ಐದು ರನ್ನುಗಳಿಂದ. ಎರಡನೇ ಇನಿಂಗ್ಸ್‌ನಲ್ಲಿ ವಿದರ್ಭಕ್ಕೆ ಆಸರೆಯಾಗಿ 81 ರನ್ ಹೊಡೆದವರು, ಮೈಸೂರಿನ ಫೈನಲ್‌ನಲ್ಲೂ ಹೈದರಾಬಾದಿನ ಫೈನಲ್‌ನಲ್ಲೂ ನಮ್ಮ ಪರ ಆಡಿದ್ದ ದಾವಣಗೆರೆ ಮೂಲದ ಅದೇ ಗಣೇಶ್ ಸತೀಶ್. ಇಲ್ಲಿ ಜಾಗವಿಲ್ಲದಾಗ ಅವರು ಅಲ್ಲಿಗೆ ಹೋಗಿದ್ದರು.

ಆಮೇಲೆ ಪಂಡಿತ್ ಮಧ್ಯಪ್ರದೇಶಕ್ಕೆ ಹೋದರು. 2022ರ ಜೂನ್‌ನಲ್ಲಿ ಮಧ್ಯಪ್ರದೇಶ ಮುಂಬಯಿಯನ್ನು ಆರು ವಿಕೆಟ್‌ಗಳಿಂದ ಸೋಲಿಸಿ ಮೊದಲ ರಣಜಿ ಗೆದ್ದಿತು. ಪಂದ್ಯ ನಡೆದದ್ದು ಎಲ್ಲಿ ಎನ್ನುತ್ತೀರಿ? ಅದೇ ಚಿನ್ನಸ್ವಾಮಿ ಕ್ರೀಡಾಂಗಣ. ಇಪ್ಪತ್ಮೂರು ವರ್ಷಗಳ ಹಿಂದೆ ನಾಯಕನಾಗಿ ಸೋತ ಮೈದಾನದಲ್ಲಿ ಕೋಚ್ ಆಗಿ ನಿಂತು ಪಂಡಿತ್ ಕಣ್ಣೀರು ಹಾಕಿದರು. ಅಷ್ಟು ಬಿಗಿಯಾದ ಮನುಷ್ಯ ಅತ್ತದ್ದನ್ನು ದೂರದರ್ಶನದಲ್ಲಿ ಕಂಡವರು ಮರೆಯಲಾರರು.

ಅರುಣ್‌ಕುಮಾರ್ ಮತ್ತು ಪಂಡಿತ್ ಅವರ ಪರಿಸ್ಥಿತಿ ಒಂದೇ ಅಲ್ಲ. ಒಬ್ಬರ ಕೈಯಲ್ಲಿ ಪಳಗಿದ ಕುದುರೆಗಳಿದ್ದವು. ಅವು ಒಂದೇ ದಿಕ್ಕಿಗೆ ಓಡುವ ಹಾಗೆ ನೋಡಿಕೊಂಡರು. ಇನ್ನೊಬ್ಬರು ಗೆಲ್ಲಬಹುದೆಂಬ ನಂಬಿಕೆಯೇ ಇಲ್ಲದ ತಂಡಗಳಿಗೆ ಆ ನಂಬಿಕೆಯನ್ನು ಗದರಿಸಿ ಕಲಿಸಿದರು. ಎರಡನೆಯದೇ ಹೆಚ್ಚು ಕಷ್ಟದ ಕೆಲಸ ಎಂದು ನನಗೆ ತೋರುತ್ತದೆ. ಆದರೆ 2014-15ರ ನಂತರ 2024-25ರವರೆಗೂ ಕರ್ನಾಟಕಕ್ಕೆ ರಣಜಿ ಕಪ್ ಬರಲಿಲ್ಲ ಎಂಬುದನ್ನು ನೋಡಿದರೆ ಮೊದಲನೆಯದೂ ಸುಲಭವಾಗಿರಲಿಲ್ಲ. ಈ ಅವಧಿಯಲ್ಲಿ ಒಂದು ದಿನದ, ಇಪ್ಪತ್ತು ಓವರಿನ ಕಪ್‌ಗಳು ಬಂದವು. ಇಪ್ಪತ್ತು ವಿಕೆಟ್ ಕೀಳಬೇಕಾದ ಆಟ ಮಾತ್ರ ಕೈಗೆ ಹತ್ತಲಿಲ್ಲ. ಇತ್ತ ಕರುಣ್ ನಾಯರ್ ಕೂಡ ಕರ್ನಾಟಕದಲ್ಲಿ ಜಾಗ ಕಳೆದುಕೊಂಡು ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ಮೂರನೆಯ ಸಲ ರಣಜಿ ಗೆದ್ದಾಗ ಅವರು ಆ ತಂಡದ ಆಧಾರಸ್ತಂಭ. ಅದಾದ ಮೇಲೆ 2025-26ಕ್ಕೆ ಮತ್ತೆ ಕರ್ನಾಟಕಕ್ಕೆ ಮರಳಿದರು.

ಇನ್ನು ನಮ್ಮ ಕಡೆಯ ಮಾತು. 1997ರಲ್ಲಿ ಬಾಗಲಕೋಟೆ ಬೇರೆಯಾದಾಗ ಜಿಲ್ಲೆಯಲ್ಲಿ ಉಳಿದದ್ದು ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ಐದು ತಾಲ್ಲೂಕು. ಸೈಕ್ಲಿಂಗ್ ಎಂದರೆ ರಾಜ್ಯವೆಲ್ಲ ಈ ಜಿಲ್ಲೆಯ ಕಡೆ ನೋಡುತ್ತದೆ. ಅದಕ್ಕೆ ಕಾರಣ ಇಲ್ಲಿಯ ನೆಟ್ಟಗಿನ ರಸ್ತೆಗಳಷ್ಟೇ ಅಲ್ಲ. ಹುಡುಗರಿಗೆ ಸರಕಾರಿ ಕ್ರೀಡಾ ನಿಲಯವಿತ್ತು, ಅಲ್ಲಿ ಕಲಿಸುವವರಿದ್ದರು. ಕ್ರಿಕೆಟ್‌ನಲ್ಲಿ ಬೇರೆಯೇ ಕಥೆ. ಕರ್ನಾಟಕ ಪ್ರೀಮಿಯರ್ ಲೀಗ್ ನಡೆಯುತ್ತಿದ್ದಾಗ ಬಿಜಾಪುರ ಬುಲ್ಸ್ ಎಂಬ ತಂಡವಿತ್ತು. 2015ರಲ್ಲೂ 2018ರಲ್ಲೂ ಅದೇ ಚಾಂಪಿಯನ್. ಪಂದ್ಯಗಳು ಮಾತ್ರ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಗೋಳಗುಮ್ಮಟದ ಊರಿಗೆ ಬಂದದ್ದು ಹೆಸರಿನ ಪ್ರತಿಧ್ವನಿ.

ಸುನಿಲ್ ಜೋಶಿ ಬಾಲಕನಾಗಿದ್ದಾಗ ಗದಗದಿಂದ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ, ನೆಟ್‌ನಲ್ಲಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದರಂತೆ. 1995-96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್ ಮತ್ತು 50ಕ್ಕೂ ಹೆಚ್ಚು ವಿಕೆಟ್ ಗಳಿಸಿ, ಆಮೇಲೆ ಭಾರತಕ್ಕೂ ಆಡಿದರು. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ಇಂಡಿಯಿಂದ ಹುಬ್ಬಳ್ಳಿ ಸುಮಾರು 250 ಕಿ.ಮೀ. ಆ ದೂರವನ್ನು ಶಾಲೆಯ ಗಂಟೆ ಬಾರಿಸುವುದರೊಳಗೆ ಹೋಗಿ ಬರುವ ಹುಡುಗ ಇನ್ನೂ ಹುಟ್ಟಿಲ್ಲ. ಬೆಂಗಳೂರಿನ ಆಯ್ಕೆ ಶಿಬಿರಕ್ಕಾದರೆ ರಾತ್ರಿಯೆಲ್ಲ ರೈಲು.

ಹಾಗೆಂದು ಇಲ್ಲಿ ಆಟವಿಲ್ಲ ಎನ್ನುವಂತಿಲ್ಲ. ಬೇಸಿಗೆಯಲ್ಲಿ ತೊಗರಿ, ಜೋಳದ ರಾಶಿ ಮುಗಿದ ಮೇಲೆ ಸಿಂದಗಿ, ಮುದ್ದೇಬಿಹಾಳ ಕಡೆ ಖಾಲಿಯಾದ ಹೊಲಗಳಲ್ಲೇ ಟೆನಿಸ್ ಬಾಲ್ ಟೂರ್ನಿಗಳು ನಡೆಯುತ್ತವೆ. ಮುಖಂಡರ ಭಾವಚಿತ್ರವಿರುವ ಬ್ಯಾನರ್ ಇರುತ್ತದೆ, ಪ್ರಥಮ ದ್ವಿತೀಯ ಬಹುಮಾನದ ಮೊತ್ತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಮೈಕಿನಲ್ಲಿ ವೀಕ್ಷಕ ವಿವರಣೆ ಇರುತ್ತದೆ. ಎಡಗೈಯಲ್ಲಿ ಸೊಗಸಾಗಿ ಬೌಲ್ ಮಾಡುತ್ತಿದ್ದ ಹುಡುಗನೊಬ್ಬನನ್ನು ಅಂಥದೊಂದು ಪಂದ್ಯದ ಬಿಡುವಿನಲ್ಲಿ ಕೇಳಿದೆ, ಯಾರು ಕಲಿಸಿದರು ಎಂದು. ನಕ್ಕ. ‘ಯಾರೂ ಇಲ್ರೀ ಸರ, ಮೊಬೈಲ್‌ನ್ಯಾಗ ನೋಡಿ ಕಲ್ತೀನ್ರಿ’ ಎಂದ. ಅವರ ಮನೆಯಲ್ಲಿ ಯಾರಾದರೂ ಆಡುತ್ತಿದ್ದರೇ ಎಂದು ಕೇಳಿದ್ದಕ್ಕೆ, ಅಜ್ಜ ಪೈಲ್ವಾನನಾಗಿದ್ದ, ಅವನಿಗೊಬ್ಬ ವಸ್ತಾದ ಇದ್ದ ಎಂದು ಹೇಳಿ, ಮೈಕಿನಲ್ಲಿ ತನ್ನ ತಂಡದ ಹೆಸರು ಕೂಗಿದ್ದು ಕೇಳಿಸಿ ಓಡಿದ.